ಎರಡು ರಾಜ, ಒಂದು ಒಂಬತ್ತು

ಮೊನ್ನೆ ಸತ್ಯಮಂಗಲದಿಂದ ಬರುವ ಬಸ್ಸು ಘಾಟಿ ಹತ್ತಿದ ಸುಸ್ತಿಗೋ ಏನೋ, ಹಾಸನೂರು ದಾಟಿದ ಮೇಲೆ ಒಂದೆರಡು ಸಲ ಕೆಮ್ಮಿ ನಿಂತೇ ಹೋಯಿತು. ಡ್ರೈವರು ಬಾನೆಟ್ ತೆಗೆದು ಇಣುಕಿ ನೋಡಿ, ಬೀಡಿ ಹಚ್ಚಿದ. ನಾವು ಇಳಿದು ರಸ್ತೆ ಬದಿಯಲ್ಲಿ ನೆರಳು ಹುಡುಕಿಕೊಂಡೆವು. ಹಿಂದಿನ ಸೀಟಿನಲ್ಲಿ ಗದ್ದಲ ಮಾಡುತ್ತಿದ್ದ ಹುಡುಗರು ಬಿದಿರುಮೆಳೆಯ ಪಕ್ಕ ಟವೆಲ್ ಹಾಸಿ ಇಸ್ಪೀಟು ಕಲಸತೊಡಗಿದರು. ಅವರಲ್ಲೊಬ್ಬ ನನ್ನ ಕಡೆ ತಿರುಗಿ, "ತಾತ, ಒಂದು ಕೈ ಕಡ್ಮೆ ಅದ, ಬನ್ನಿ" ಎಂದ.

"ನಂಗ ಬರಾಕಿಲ್ಲ ಕಣಪ್ಪ" ಎಂದೆ.

ಶುದ್ಧ ಸುಳ್ಳು. ನನ್ನ ವಿದ್ಯಾಭ್ಯಾಸದಲ್ಲಿ ನಾನು ಚೆನ್ನಾಗಿ ಕಲಿತ ವಿಷಯ ಅದೊಂದೇ. ಚಾಮರಾಜನಗರದ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದಿ ಬಾ ಎಂದು ಅಪ್ಪ ಕಳಿಸಿದ್ದರು. ನಾನು ರಾಗಿಹಿಟ್ಟಿನ ಚೀಲ, ಚಟ್ನಿಪುಡಿ, ಹೊಸ ಚಡ್ಡಿ ಬನಿಯನ್ನುಗಳ ಜೊತೆ ಹೋದವನು, ಫೇಲಾದ ಮಾರ್ಕ್ಸ್ ಕಾರ್ಡು ಮತ್ತು ಮೂರೆಲೆ ಆಟದ ಸಕಲ ಜ್ಞಾನದೊಂದಿಗೆ ವಾಪಸ್ಸು ಬಂದೆ. ನಮ್ಮ ಹಾಸ್ಟೆಲಿನ ಕಟ್ಟಿನಲ್ಲಿ ಕಳಾವರ್ ರಾಣಿ ಕಳೆದುಹೋಗಿದ್ದಳು. ಯಾರದೋ ಮದುವೆ ಕಾಗದವನ್ನು ಎಲೆಯ ಅಳತೆಗೆ ಕತ್ತರಿಸಿ ಅವಳ ಜಾಗಕ್ಕೆ ಸೇರಿಸಿದ್ದೆವು. ಹಿಂಬದಿಯಲ್ಲಿ ವಧುವಿನ ಹೆಸರಿನ ಅರ್ಧ ಕಾಣುತ್ತಿತ್ತು. ಎದುರಿನವನ ಕೈಯಲ್ಲಿ ರಾಣಿ ಇದ್ದಾಳೆಂದು ಕೋಣೆಗೆಲ್ಲ ಗೊತ್ತಾಗುತ್ತಿತ್ತು. ಆದರೂ ಗೊತ್ತಿಲ್ಲದವರಂತೆ ಆಡುತ್ತಿದ್ದೆವು. ಸಂಸಾರಕ್ಕೆ ಬೇಕಾದ ತಯಾರಿಯೆಲ್ಲ ಅಲ್ಲೇ ಆಯಿತು ಎಂದು ನನ್ನ ಹೆಂಡತಿಯ ಎದುರು ಒಮ್ಮೆ ಹೇಳಿ, ಎರಡು ದಿನ ಮಾತಿಲ್ಲದೆ ಉಂಡಿದ್ದೇನೆ.

ಮೂರೆಲೆ ಗೊತ್ತಿಲ್ಲದವರಿಗೆ ಒಂದು ಮಾತು. ಒಬ್ಬೊಬ್ಬರಿಗೆ ಮೂರು ಎಲೆ. ಮೂರೂ ಒಂದೇ ಬಂದರೆ ಅದನ್ನು ಮೀರಿಸುವ ಎಲೆಯಿಲ್ಲ. ಏಳು, ಎಂಟು, ಒಂಬತ್ತು ಎಂಬಂತೆ ಸಾಲಾಗಿ ಬಂದರೂ ಭಾರಿಯೇ. ಆಮೇಲಿನದು ಮೂರೂ ಒಂದೇ ಬಣ್ಣ, ಎಲ್ಲ ಆಟೀನು ಎಂಬಂತೆ. ಅದೂ ಇಲ್ಲವಾದರೆ ಜೋಡಿ. ಎರಡು ರಾಜ, ಎರಡು ರಾಣಿ, ಹೀಗೆ. ಕೈ ಚೆನ್ನಾಗಿದೆ ಅನ್ನಿಸಿದವನು ನಡುವಿನ ರಾಶಿಗೆ ತನ್ನದನ್ನು ಇಡುತ್ತಾ ಹೋಗಬೇಕು. ಎದುರಿನವನು ಅಷ್ಟೇ ಇಟ್ಟು "ತೋರಿಸು" ಅನ್ನಬೇಕು, ಇಲ್ಲವೇ ಎಲೆ ಬಿಟ್ಟು ಸುಮ್ಮನಾಗಬೇಕು. ಬಿಟ್ಟವನಿಗೆ ಎದುರಿನವನ ಎಲೆ ನೋಡುವ ಹಕ್ಕಿಲ್ಲ. ಆಟವೆಲ್ಲ ಇಷ್ಟೇ. ಎಲೆಗಿಂತ ಎದುರಿಗೆ ಕೂತವನ ಮುಖ ಓದುವುದೇ ಹೆಚ್ಚು.

ಈ ಆಟದಲ್ಲಿ ನಾನು ಒಂದು ಎತ್ತು ಸೋತಿದ್ದೇನೆ. ಅದು ನನ್ನ ಸ್ವಂತ ಭಾವನ ಎದುರಿಗೆ.

ಎತ್ತಿನ ಮಾತು ಬಂದಮೇಲೆ ಅಪ್ಪನ ಮಾತು ಬರಲೇಬೇಕು. ದೊಡ್ಡಗಾಜನೂರಿನಲ್ಲಿ ನಮ್ಮದು ಮಳೆ ನಂಬಿದ ಹೊಲ. ರಾಗಿ, ಜೋಳ, ಹುರುಳಿ, ಅವರೆ ಬೆಳೆಯುತ್ತಿದ್ದೆವು. ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಅಪ್ಪ ತಾಳವಾಡಿ ಸಂತೆಯಿಂದ ಎರಡು ಹೋರಿಕರು ಹೊಡೆದುಕೊಂಡು ಬಂದರು. ಒಂದೇ ಬಣ್ಣ, ಒಂದೇ ಎತ್ತರ, ಮೂತಿಯ ಮೇಲೆ ಒಂದೇ ಥರದ, ಹೊಗೆ ಹಿಡಿದಂಥ ಕಪ್ಪು. ನನ್ನ ಅಕ್ಕ ಚೆನ್ನಾಜಮ್ಮ ಅವುಗಳಿಗೆ ಬೋರ, ಮಾರ ಎಂದು ಹೆಸರಿಟ್ಟಳು. ಬೆಲ್ಲದ ನೀರು ಕುಡಿಸಿ, ಮೈಗೆ ಕಚ್ಚಿದ ಉಣ್ಣೆ ಕಿತ್ತು, ಕಿವಿಯಲ್ಲಿ ಗುಟ್ಟು ಹೇಳಿ ಸಾಕಿದವಳೂ ಅವಳೇ. ಮಾರನಿಗೆ ಅವಳ ಜಡೆ ನೆಕ್ಕುವ ಚಾಳಿ ಬಿದ್ದಿತ್ತು. ಸ್ಕೂಲಿಗೆ ಹೊರಟವಳ ಜಡೆ ಯಾವಾಗಲೂ ತುದಿಯಲ್ಲಿ ಒದ್ದೆಯಾಗಿ, ಬೂರುಗದ ಮುಳ್ಳಿನ ಹಾಗೆ ಸೆಟೆದು ನಿಂತಿರುತ್ತಿತ್ತು.

ಕರುಗಳು ಎತ್ತಾದವು. ನೊಗಕ್ಕೆ ಪಳಗುವಾಗ ಬೋರ ಎಡಕ್ಕೆ ಒಗ್ಗಿತು, ಮಾರ ಬಲಕ್ಕೆ. ಅಷ್ಟರಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಗಂಡು ಪರಸ್ಥಳದವನಲ್ಲ, ನಮ್ಮೂರಿನದೇ ಮೇಗಲಕೇರಿಯ ಮಾದಪ್ಪ. ಅವರಿಗೂ ನಮ್ಮಷ್ಟೇ ಹೊಲ. ಬಳುವಳಿಯಾಗಿ ಅಪ್ಪ ಮಗಳಿಗೆ ಮಾರನನ್ನು ಕೊಟ್ಟು ಬೋರನನ್ನು ಉಳಿಸಿಕೊಂಡರು. ಊರಿಗೆಲ್ಲ ನಗು. ಕೊಟ್ಟರೆ ಜೋಡಿ ಕೊಡಬೇಕು, ಇಲ್ಲ ಹಸು ಕೊಡಬೇಕು, ಇದೇನು ಜುಗ್ಗತನ ಎಂದು ಅವ್ವನೇ ಅಪ್ಪನ ಮುಖಕ್ಕೆ ಹೇಳಿದಳು. ಅಪ್ಪ ಎಲೆಯಡಿಕೆ ಮೆಲ್ಲುತ್ತಾ ನಕ್ಕರು, ಅಷ್ಟೆ.

ಆಮೇಲೆ ಉಳುಮೆಯ ಕಾಲ ಬಂದರೆ ಎರಡು ಮನೆಯ ಎತ್ತೂ ಒಂದು ನೊಗಕ್ಕೆ. ಇವತ್ತು ಅವರ ಹೊಲ, ನಾಳೆ ನಮ್ಮದು. ಭಾವ ಉಳುವಾಗ ಎತ್ತುಗಳ ಜೊತೆ ಊರ ಸಮಾಚಾರವನ್ನೆಲ್ಲ ಮಾತಾಡುತ್ತಿದ್ದ. "ನೋಡ್ಲಾ ಬೋರ, ಆ ತಿಗನಾರೆ ಊರಿಂದ ನೆಂಟ ಬಂದು ಮೂರು ದಿನ ಆಯ್ತು, ಎದ್ದು ಓಗಾಕಿಲ್ಲ ಅಂತನೆ" ಎಂದು ಸಾಲಿನ ಈ ತುದಿಯಲ್ಲಿ ಶುರು ಮಾಡಿದರೆ ಆ ತುದಿ ಮುಟ್ಟುವ ಹೊತ್ತಿಗೆ ನೆಂಟನ ವಂಶವೆಲ್ಲ ಮುಗಿದಿರುತ್ತಿತ್ತು. ನೇಗಿಲ ಹಿಂದೆ ಹೆಂಟೆ ಒಡೆಯುತ್ತಾ ಹೋಗುವ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಭಾವನನ್ನು ನಾನು ಬಹಳ ಇಷ್ಟಪಡುತ್ತಿದ್ದೆ. ಇದನ್ನು ಈಗ ಹೇಳುವುದು ಸುಲಭ. ಆಗ ಅಂಥ ಮಾತು ಯಾರೂ ಯಾರಿಗೂ ಹೇಳುತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಮೊದಲಲ್ಲಿ ಅಪ್ಪ ಹೋದರು. ಅವರಿರುವ ತನಕ ಯಾವತ್ತು ಯಾರ ಹೊಲ ಎಂಬುದನ್ನು ಅವರೇ ಹೇಳುತ್ತಿದ್ದರು, ಹೇಳಿದ್ದೇ ನಡೆಯುತ್ತಿತ್ತು. ಅವರು ಹೋದ ಮುಂದಿನ ಮುಂಗಾರಿಗೆ ಮೊದಲ ಮಳೆ ಒಂದು ಸಂಜೆ ಚೆನ್ನಾಗಿ ಹೊಡೆಯಿತು. ಮಾರನೆಯ ಬೆಳಗ್ಗೆ ಹೊಲದಲ್ಲಿ ಒಳ್ಳೆ ಹದ. ನಾನು ಬೋರನ ಹಗ್ಗ ಹಿಡಿದು ಮಾರನನ್ನು ಕರೆತರಲು ಮೇಗಲಕೇರಿಗೆ ಹೊರಟೆ. ಅದೇ ಹೊತ್ತಿಗೆ ಭಾವ ಮಾರನ ಹಗ್ಗ ಹಿಡಿದು ಬೋರನಿಗಾಗಿ ನಮ್ಮ ಮನೆಗೆ ಹೊರಟಿದ್ದ. ಬೀದಿಯ ನಡುವೆ, ಮಾರಮ್ಮನ ಗುಡಿಯ ಮುಂದೆ ಇಬ್ಬರೂ ಎದುರುಬದುರಾದೆವು. ಎತ್ತುಗಳು ಒಂದನ್ನೊಂದು ಮೂಸಿ ಪಕ್ಕಪಕ್ಕ ನಿಂತುಕೊಂಡವು. ನಾವು ನಿಲ್ಲಲಿಲ್ಲ.

"ಮೊದ್ಲು ನಂದು ಕಣ ಗುರು. ಕಳದ ವರ್ಸ ನಿಂದೇ ಮೊದ್ಲಾಯ್ತಲ್ಲ" ಎಂದ ಭಾವ.

"ಕಳದ ವರ್ಸ ನೀವು ಊರಲ್ಲಿರ್ನಿಲ್ಲ ಬಾವ. ಅದುಕ್ಕ ನಂದಾಯ್ತು. ಅದು ಲೆಕ್ಕುಕ್ಕ ಬರಾಕಿಲ್ಲ."

"ಊರಲ್ಲಿರ್ನಿಲ್ಲ ಅಂದ್ರ ನನ್ ಒಲ ಊರ ಬುಟ್ಟು ಓಗಿತ್ತಾ?"

ನಗುವ ಮಾತೇ. ಅಪ್ಪ ಇದ್ದಿದ್ದರೆ ನಕ್ಕುಬಿಡುತ್ತಿದ್ದೆವು. ಆದರೆ ಗುಡಿಯ ಜಗಲಿಯಲ್ಲಿ ಕೂತವರು ಕಿವಿ ನಿಮಿರಿಸಿದ್ದರು, ನನಗೋ ಮನೆಯ ಯಜಮಾನ ಆದೆನೆಂಬ ಹೊಸ ಸೊಕ್ಕು. ಮಾತಿಗೆ ಮಾತು ಬೆಳೆದು ನಾನು, "ಎತ್ತು ನಮ್ಮಪ್ಪ ಕೊಟ್ಟದ್ದಲ್ವಾ?" ಎಂದುಬಿಟ್ಟೆ.

ಭಾವ ಮಾರನ ಹಗ್ಗ ಗಿಡ್ಡ ಮಾಡಿ ಹಿಡಿದು, "ಕೊಟ್ಟುದ್ದ ಎತ್ತಾಡ್ತಿಯೇನ್ಲಾ? ಸರಿ ಬುಡು. ಇನ್ನು ನಿಮ್ಮನ ಒಸ್ಲು ತುಳುದ್ರ ಕೇಳು" ಎಂದು ತಿರುಗಿ ಹೊರಟುಹೋದ. ಮಾರ ಬೋರನ ಕಡೆ ಕತ್ತು ತಿರುಗಿಸಿಕೊಂಡೇ ಹೋಯಿತು.

ಗಂಡ ಬರದ ಮನೆಗೆ ಹೆಂಡತಿ ಬರುವುದುಂಟೇ? ಅಕ್ಕನೂ ಬರುವುದು ನಿಲ್ಲಿಸಿದಳು. ಅವ್ವ ಮಾಡಿದ ಹುರುಳಿಕಟ್ಟಿನ ಸಾರು ಎರಡು ಬೀದಿ ದಾಟಲಾರದೆ ನಮ್ಮ ಮನೆಯಲ್ಲೇ ಹಳಸಿತು. ಒಂಟಿ ಎತ್ತಿನಿಂದ ಉಳುವುದು ಹೇಗೆ? ಪಕ್ಕದ ಮನೆಯವರ ಎತ್ತು ಕೇಳಿ ತಂದು ಬೋರನ ಜೊತೆ ಕಟ್ಟಿ ನೋಡಿದೆ. ಆ ಎತ್ತಿಗೂ ಎಡಗಡೆಯೇ ಅಭ್ಯಾಸ. ನೊಗದ ಕೆಳಗೆ ಎರಡೂ ಜಾಗಕ್ಕಾಗಿ ತಳ್ಳಾಡಿ, ಕೊನೆಗೆ ಬೋರ ಸಾಲಿನ ನಡುವೆ ಮಲಗಿಬಿಟ್ಟಿತು. ಎಬ್ಬಿಸಲು ಬಾಲ ತಿರುಚಿದೆ, ಬೈದೆ, ಕಡೆಗೆ ಅದರ ಪಕ್ಕ ನಾನೂ ಕೂತೆ. ಅತ್ತ ಭಾವನೂ ಏನೇನೋ ಸರ್ಕಸ್ಸು ಮಾಡಿ ಸೋತನೆಂದು ಸುದ್ದಿ ಬಂತು. ನಮ್ಮಿಬ್ಬರ ಹೊಲಗಳನ್ನು ಬಿಟ್ಟು ಮಿಕ್ಕ ಹೊಲಗಳೆಲ್ಲ ಉತ್ತು ಕೆಂಪಗೆ ಮಲಗಿದ್ದವು. ಹದ ದಿನದಿನಕ್ಕೆ ಆರುತ್ತಿತ್ತು. ಒಬ್ಬರ ಎತ್ತು ಒಬ್ಬರು ಕೊಳ್ಳಿ ಎಂದು ಹಿರಿಯರು ಹೇಳಿದರು. ಇಬ್ಬರೂ ಕೊಳ್ಳಲು ತಯಾರು, ಮಾರಲು ಯಾರೂ ತಯಾರಿಲ್ಲ.

ಆಗ ಮಿಲ್ಲಿನ ಮುರುಗೇಶ ಬಂದ. ಸತ್ಯಮಂಗಲದ ಕಡೆಯವನು, ನಮ್ಮೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ಅರ್ಧ ತಮಿಳು, ಅರ್ಧ ಕನ್ನಡ, ಮೈಯೆಲ್ಲ ರಾಗಿಹಿಟ್ಟು. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಅವನ ಮಿಲ್ಲಿನ ಜಗಲಿಯಲ್ಲಿ ಹುಣಸೆಬೀಜ ಇಟ್ಟುಕೊಂಡು ನಾವೆಲ್ಲ ಮೂರೆಲೆ ಆಡುತ್ತಿದ್ದೆವು. ಭಾವನಿಗೂ ನನಗೂ ಅದರಲ್ಲಿ ಸಮಸಮ.

"ಮಾಪ್ಪಿಳ್ಳೆ ಸೊಲ್ಲಿ ಅನುಪ್ಪಿನಾರು" ಎಂದ ಮುರುಗೇಶ. ನಿಮ್ಮ ಭಾವ ಹೇಳಿಕಳಿಸಿದ್ದಾರೆ ಅಂತ. "ಇಬ್ರಿಗೂ ಒಂದೊಂದು ಕರಟ ಬೀಜ. ಯಾರ ಬೀಜ ಕಾಲಿ ಆಗ್ತದೋ ಅವ್ರು ಎತ್ತು ಬುಟ್ಕೊಡ್ಬೇಕು. ಆಮೇಲಕ ಮಾತಿಲ್ಲ, ಕತೆ ಇಲ್ಲ. ಸರಿಯಾ ಅಂತ ಕೇಳ್ಕಂಡು ಬಾ ಅಂದ್ರು."

ಅವ್ವ ಒಳಗಿನಿಂದಲೇ "ತಲ ಕೆಟ್ಟದಾ ಇಬ್ರಿಗೂ?" ಎಂದಳು. ನಾನು "ಸರಿ ಅನ್ನು" ಎಂದೆ.

ಮಾರನೆಯ ಮಧ್ಯಾಹ್ನ ಮಿಲ್ಲಿನ ಜಗಲಿಯಲ್ಲಿ ಎದುರುಬದುರು ಕೂತೆವು. ಎಲೆ ಹಾಕುವುದು ಮುರುಗೇಶ. ನೋಡಲು ಬಂದವರನ್ನೆಲ್ಲ ಅವನು ಹಿಟ್ಟಿನ ಪೊರಕೆ ಎತ್ತಿ ಓಡಿಸಿದ್ದ. ಭಾವ ನನ್ನ ಮುಖ ನೋಡಲಿಲ್ಲ. "ಆಕು" ಎಂದ ಮುರುಗೇಶನಿಗೆ. ಎತ್ತುಗಳ ಜೊತೆ ಅಷ್ಟು ಮಾತಾಡುವ ಮನುಷ್ಯ ನನ್ನೊಂದಿಗೆ ಒಂದು ಮಾತಾಡದೆ ಕೂತದ್ದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆಟ ಬಹಳ ಹೊತ್ತು ಅತ್ತ ಇತ್ತ ತೂಗಿತು. ಒಮ್ಮೆ ನನ್ನ ಕರಟ ತಳ ಕಂಡಿತು, ಒಮ್ಮೆ ಅವನದು. ಮತ್ತೆ ಹೆಚ್ಚುಕಡಿಮೆ ಸಮಕ್ಕೆ ಬಂದೆವು. ಆಗ ಬಂತು ಆ ಕೈ. ನಾನು ಎಲೆಗಳನ್ನು ಒಂದರ ಹಿಂದೆ ಒಂದಿಟ್ಟು ಮೆಲ್ಲಗೆ ತೀಡಿ ನೋಡಿದೆ. ಆಟೀನು ರಾಜ. ಅದರ ಹಿಂದೆ ಇಸ್ಪೀಟು ರಾಜ. ಕೊನೆಯದು ಒಂದು ಒಂಬತ್ತು. ಇಬ್ಬರೇ ಆಡುವಾಗ ರಾಜನ ಜೋಡಿ ಎಂದರೆ ಸಣ್ಣದಲ್ಲ. ನಾನು ಮುಖ ಬಿಗಿಹಿಡಿದು ಒಂದು ಹಿಡಿ ಬೀಜ ಇಟ್ಟೆ. ಭಾವ ಎಲೆ ತೀಡುತ್ತಲೇ ಅಷ್ಟೇ ಇಟ್ಟ. ನಾನು ಮತ್ತೊಂದು ಹಿಡಿ ಇಟ್ಟೆ.

ಅಷ್ಟರಲ್ಲಿ ಅಕ್ಕ ಬಂದಳು. ಸುದ್ದಿ ಆಗತಾನೇ ಅವಳ ಕಿವಿಗೆ ಬಿದ್ದಿತ್ತೆಂದು ಕಾಣುತ್ತದೆ, ಓಡಿಬಂದ ಉಸಿರು. ಜಗಲಿ ಹತ್ತಿ ಗಂಡನ ಬೆನ್ನ ಹಿಂದೆ ನಿಂತುಬಿಟ್ಟಳು. ಭಾವ ತಿರುಗಿ ಅವಳನ್ನು ಒಮ್ಮೆ ನೋಡಿದ. ಎಲೆಗಳನ್ನು ಕವುಚಿ ಕೆಳಗಿಟ್ಟ. ಕಣದಲ್ಲಿ ಕಾಳು ನೂಕುವವನಂತೆ ಎರಡೂ ತೋಳಿನಿಂದ ತನ್ನ ಬೀಜವನ್ನೆಲ್ಲ ನಡುವಿಗೆ ತಳ್ಳಿದ.

"ನೋಡ್ತಿಯೋ, ಬುಡ್ತಿಯೋ?"

ಅವತ್ತು ನನ್ನೊಂದಿಗೆ ಅವನಾಡಿದ ಮೊದಲ ಮಾತು ಅದು.

ನೋಡುವುದೆಂದರೆ ನನ್ನದನ್ನೂ ಪೂರ್ತಿ ಇಡಬೇಕು. ಗೆದ್ದರೆ ಜೋಡಿ ಎತ್ತು ನಮ್ಮ ಕೊಟ್ಟಿಗೆಗೆ, ಸೋತರೆ ಬೋರ ಅವರ ಕೊಟ್ಟಿಗೆಗೆ. ಎರಡರಲ್ಲಿ ಒಂದು ಈಗಲೇ. ಬಿಟ್ಟರೆ ನಡುವೆ ಇಟ್ಟ ಬೀಜ ಹೋಗುತ್ತದೆ, ಆಟ ಇನ್ನಷ್ಟು ಹೊತ್ತು ಕುಂಟುತ್ತದೆ. ನಾನು ಲೆಕ್ಕ ಹಾಕತೊಡಗಿದೆ. ರಾಜನ ಜೋಡಿಯನ್ನು ಮೀರಿಸಲು ಏನು ಬೇಕು? ಎಕ್ಕದ ಜೋಡಿ, ಇಲ್ಲವೇ ಮೂರೂ ಒಂದೇ ಬಣ್ಣ, ಇಲ್ಲವೇ ಸಾಲು, ಇಲ್ಲವೇ ಮೂರೂ ಒಂದೇ ಎಲೆ. ದಿನಕ್ಕೆ ಎಷ್ಟು ಸಲ ಬರುತ್ತವೆ ಅಂಥ ಎಲೆ? ಅಪರೂಪ. ಆದರೆ ಅಪರೂಪದ್ದು ಬಾರದಿದ್ದರೆ ಮನುಷ್ಯ ತನ್ನದನ್ನೆಲ್ಲ ಹೀಗೆ ತಳ್ಳುತ್ತಾನೆಯೇ? ಒಳ್ಳೆಯ ಎಲೆ ಬಂದಾಗ ಭಾವ ಯಾರದಾದರೂ ಮನೆಯ ಸುದ್ದಿ ತೆಗೆಯುತ್ತಿದ್ದ, ಏನೂ ಇಲ್ಲದಾಗ ತಲೆಯ ಟವೆಲ್ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಈಗ ಎರಡೂ ಇಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಕಾಯುವವನಂತೆ ಕೂತಿದ್ದ.

"ಯೋಚನೆ ಪಣ್ಣಿ ಪಣ್ಣಿ ಪೊಳುದು ಪೋಯಿಡುಂ ಅಣ್ಣಾ" ಎಂದ ಮುರುಗೇಶ, ಯೋಚಿಸುತ್ತಾ ಕೂತರೆ ಹೊತ್ತು ಮುಳುಗುತ್ತದೆ ಎಂದು. ಇನ್ನೊಂದು ಬೀಡಿ ಹಚ್ಚಿ ಹೊಗೆ ಬಿಟ್ಟ.

ಭಾವನ ಮುಖದಲ್ಲಿ ಏನೂ ಸಿಗದೆ ನಾನು ತಲೆ ಎತ್ತಿದೆ. ಅಲ್ಲಿ ಅಕ್ಕನ ಮುಖವಿತ್ತು.

ಚಿಕ್ಕಂದಿನಲ್ಲಿ ನಮ್ಮಿಬ್ಬರದು ಒಂದು ಆಟ. ಅವಳು ಒಂದು ಮುಷ್ಟಿಯಲ್ಲಿ ಹುರಿದ ಹುಣಸೆಬೀಜ ಹಿಡಿದು ಎರಡು ಮುಷ್ಟಿಯನ್ನೂ ಮುಂದೆ ಚಾಚುತ್ತಿದ್ದಳು. ಎಲ್ಲಿದೆ ಹೇಳಿದರೆ ಬೀಜ ನನಗೆ. ನಾನು ಮುಷ್ಟಿ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದೆ. ಬೀಜವಿದ್ದ ಮುಷ್ಟಿಯ ಹತ್ತಿರ ಬೆರಳು ಹೋದರೆ ಅವಳು ಕಲ್ಲು. ಖಾಲಿ ಮುಷ್ಟಿಯ ಹತ್ತಿರ ಹೋದರೆ ನಗು ತಡೆಯಲು ಕೆಳತುಟಿಯನ್ನು ಒಳಗೆಳೆದು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಪಾಪ, ತನಗೆ ಆ ಚಾಳಿ ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ನಾನೂ ಹೇಳಲಿಲ್ಲ. ನನ್ನ ಬಾಲ್ಯದ ಹುಣಸೆಬೀಜವೆಲ್ಲ ಆ ತುಟಿಯಿಂದ ಸಂಪಾದಿಸಿದ್ದು.

ಈಗ ಗಂಡನ ಬೆನ್ನ ಹಿಂದೆ ನಿಂತ ಅಕ್ಕ ಕೆಳತುಟಿಯನ್ನು ಒಳಗೆಳೆದು ಬಿಗಿಯಾಗಿ ಕಚ್ಚಿಕೊಂಡಿದ್ದಳು.

ಖಾಲಿ. ಭಾವ ಎಲೆ ಕವುಚುವಾಗ ಅವಳು ನೋಡಿದ್ದಾಳೆ, ಅವನ ಕೈಯಲ್ಲಿ ಏನೂ ಇಲ್ಲ. ಬೀಜ ತಳ್ಳಲು ಕೈ ಕರಟದ ಹತ್ತಿರ ಹೋದದ್ದೂ ನಿಜ. ಅಲ್ಲೇ ನಿಂತಿತು.

ನಾನು ಗೆಲ್ಲುವುದು ರಾಜರಿಂದಲ್ಲ, ಇವಳ ತುಟಿಯಿಂದ. ಇವಳ ತುಟಿ ನೋಡಿ ಇವಳದೇ ಕೊಟ್ಟಿಗೆಯ ಎತ್ತನ್ನು ಹೊಡೆದುಕೊಂಡು ಹೋಗುವುದು. ಆ ಎತ್ತೋ, ಇವಳ ಜಡೆ ನೆಕ್ಕಿ ಬೆಳೆದದ್ದು. ನಾಳೆ ಮಾರನ ಗೂಟದಲ್ಲಿ ಬರೀ ಹಗ್ಗವಿರುತ್ತದೆ, ಇವಳು ಅದರ ಮುಂದೆಯೇ ಹಾದು ನೀರಿಗೆ ಹೋಗುತ್ತಾಳೆ. ಇಷ್ಟೆಲ್ಲ ನನಗೆ ಕಾಣಿಸಿತು ಎಂದು ಈಗ ಬರೆಯುತ್ತಿದ್ದೇನೆ. ಆ ಹೊತ್ತಿಗೆ ಕಾಣಿಸಿದ್ದು ತುದಿ ಒದ್ದೆಯಾದ ಒಂದು ಜಡೆ ಮಾತ್ರ.

"ಬುಟ್ಟೆ" ಎಂದೆ. ಎಲೆ ಕವುಚಿ ಹಾಕಿದೆ.

ಭಾವ ಖುಷಿಪಟ್ಟವನ ಹಾಗೆ ಕಾಣಲಿಲ್ಲ. ಮುರುಗೇಶ ಇಬ್ಬರ ಎಲೆಯನ್ನೂ ಬಾಚಿ ಕಟ್ಟಿಗೆ ಸೇರಿಸಿ ಕಲಸಿಬಿಟ್ಟ. ಅಕ್ಕ ಜಗಲಿ ಇಳಿದು ಮಿಲ್ಲಿನ ಹಿತ್ತಿಲ ಕಡೆ ಸರಸರ ಹೋದಳು. ಅಳಲು ಹೋದಳು ಎಂದುಕೊಂಡೆ. ಆಮೇಲಿನ ಆಟದಲ್ಲಿ ನನಗೆ ಮನಸ್ಸಿರಲಿಲ್ಲ; ಮನಸ್ಸಿಲ್ಲದವನ ಕರಟದಲ್ಲಿ ಬೀಜ ನಿಲ್ಲುವುದೂ ಇಲ್ಲ. ಹೊತ್ತಿಳಿಯುವ ಮುಂಚೆಯೇ ನನ್ನದು ಖಾಲಿಯಾಯಿತು. ನಾನೇ ಹೋಗಿ ಬೋರನನ್ನು ಬಿಚ್ಚಿ ತಂದು ಹಗ್ಗ ಭಾವನ ಕೈಗೆ ಕೊಟ್ಟೆ. ಅವ್ವ ಹೊರಗೆ ಬರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಹೇಳುತ್ತಲೂ ಇರಲಿಲ್ಲ.

ಮಾರನೆಯ ಬೆಳಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚಲು ಹೋದ ಅವ್ವ, "ಗುರೂ, ಇಲ್ಲಿ ಬಾ" ಎಂದು ಕೂಗಿದಳು. ಹೋಗಿ ನೋಡಿದರೆ ಬೋರ ತನ್ನ ಹಳೆಯ ಗೂಟದ ಪಕ್ಕ ಮಲಗಿ ಮೆಲುಕು ಹಾಕುತ್ತಿತ್ತು. ಅದರ ಪಕ್ಕದಲ್ಲಿ ಮಾರ! ಬೋರ ಹಗ್ಗ ಕಿತ್ತುಕೊಂಡು ಬಂದಿದೆ, ಮಾರ ಅದರ ಹಿಂದೆ ಬಂದಿದೆ. ಕರುಗಳಾಗಿದ್ದಾಗ ಮಲಗುತ್ತಿದ್ದ ಜಾಗದಲ್ಲೇ, ಅದೇ ಎಡಬಲದಲ್ಲಿ ಮಲಗಿದ್ದವು.

ಸ್ವಲ್ಪ ಹೊತ್ತಿಗೆ ಭಾವ ಬಂದ. ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದನಲ್ಲ, ಬೀದಿಯಲ್ಲೇ ನಿಂತು ಯಾರಿಗೂ ಅಲ್ಲದ ಹಾಗೆ, "ಎತ್ತು ಬಂದವಂತಲ್ಲ" ಎಂದ. ನಾನು ಎರಡನ್ನೂ ಹಿಡಿದು ತಂದು ಕೊಟ್ಟೆ. ಹೊಡೆದುಕೊಂಡು ಹೋದ. ಮರುದಿನ ಬೆಳಗ್ಗೆ ಮತ್ತೆ ಎರಡೂ ನಮ್ಮಲ್ಲಿ. ಹೊಸ ಹಗ್ಗ ಹಾಕಿದ್ದನಂತೆ, ಈ ಸಲ ಗೂಟವನ್ನೇ ಕಿತ್ತು ತಂದಿದ್ದವು. ಭಾವ ಬಂದು ಬೀದಿಯಲ್ಲಿ ನಿಂತ. ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತೆ. ಒಳಗಿಂದ ಬಂದ ಅವ್ವ ಇಬ್ಬರ ಮುಖವನ್ನೂ ನೋಡಿ, ಅಳಿಯನಿಗೆ ಹೇಳಿದಳು: "ಒಸ್ಲು ತಾನೆ ತುಳಿಯಾಕಿಲ್ಲ ಅಂದದ್ದು ನೀವು? ಕೊಟ್ಟಿಗಗ ಒಸ್ಲಿಲ್ಲ. ಬಂದು ನಿಮ್ಮೆತ್ತ ನೀವೇ ಇಡ್ಕಳಿ. ನನ್ ಮಗ ದಿನಾ ಇಡ್ಕೊಡಕ್ಕ ಆಳಾ?"

ಭಾವ ಕೊಟ್ಟಿಗೆಗೆ ಬಂದ. ಅದರ ಮಾರನೆಯ ದಿನ ಕೊಟ್ಟಿಗೆಯ ದಿಮ್ಮಿಯ ಮೇಲೆ ಕೂತ. ಅವ್ವ ಕಾಫಿ ತಂದು ಪಕ್ಕದಲ್ಲಿಟ್ಟು ಹೋದಳು, ಕುಡಿದ. ಎತ್ತುಗಳ ಕಡೆ ನೋಡಿ, "ಬೋರ, ನಿಂಗೇನ್ಲಾ ಕಮ್ಮಿ ಮಾಡುದ್ದು ನಾನು? ಉಲ್ಲು ಆಕ್ನಿಲ್ವಾ? ನೀರು ಕುಡುಸ್ನಿಲ್ವಾ?" ಎಂದು ಶುರುಮಾಡಿದ. ನನಗೆ ನಗು ಬಂತು. ತಡೆಯೋಣ ಎಂದುಕೊಂಡೆ, ಆಗಲಿಲ್ಲ. ಅವನೂ ನಕ್ಕ.

"ಇಲ್ಲೇ ಅವಲ್ಲ ಗುರು, ಇಲ್ಲಿಂದ್ಲೇ ನೇಗ್ಲು ಕಟ್ಬುಡವು. ನಿನ್ ಒಲ ಅತ್ರ. ಬಿಸ್ಲಾದ ಮ್ಯಾಲ ನಂದುಕ್ಕ ಓಗವು" ಎಂದ.

ಹೀಗೆ ಆ ವರ್ಷವೂ ಮೊದಲು ಉತ್ತದ್ದು ನನ್ನ ಹೊಲವೇ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹದ ಅಷ್ಟಕ್ಕಷ್ಟೇ ಉಳಿದಿತ್ತು, ರಾಗಿ ತೆಳ್ಳಗೆ ಬಂತು. ಅಕ್ಕ ಸಂಜೆ ಹೊತ್ತು ಬಂದು ಅವ್ವನ ಪಕ್ಕ ಕೂತಳು. ಎತ್ತು ಇಬ್ಬರದೂ ಅಲ್ಲ, ಒಬ್ಬರದೂ ಅಲ್ಲ ಎಂಬಂತೆ ನಮ್ಮ ಕೊಟ್ಟಿಗೆಯಲ್ಲೇ ಉಳಿದವು. ಎತ್ತು ಮುದಿಯಾಗಿ ಮಣ್ಣಾಗುವ ತನಕ ಬೆಳಗಾದರೆ ಭಾವ ನಮ್ಮ ಮನೆಯಲ್ಲಿ ಹಾಜರು.

ಆದರೆ ನಾನು ಮಾತ್ರ ಒಂದು ಗುಟ್ಟನ್ನು ಎದೆಯಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದೆ. ಗೆಲ್ಲುವ ಎಲೆ ಕೈಯಲ್ಲಿದ್ದೂ ಅಕ್ಕನಿಗಾಗಿ ಬಿಟ್ಟುಕೊಟ್ಟವನು ನಾನು! ಯಾರಿಗೂ ಹೇಳದ ಉಪಕಾರಕ್ಕೆ ಒಂದು ರುಚಿಯಿದೆ, ನಾಲಗೆಯ ಕೆಳಗಿಟ್ಟ ಕಲ್ಲುಸಕ್ಕರೆಯ ಹಾಗೆ. ವರ್ಷಗಟ್ಟಲೆ ಚೀಪಿದೆ. ಭಾವ ಎಂದಾದರೂ ಸ್ವಲ್ಪ ಜೋರು ಮಾಡಿದರೆ, ಮಾಡು ಮಾಡು, ನಿನಗೇನು ಗೊತ್ತು ಎಂದು ಮನಸ್ಸಿನಲ್ಲೇ ದೊಡ್ಡವನಾಗುತ್ತಿ‌ದ್ದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಕ್ಕನ ಹಿರಿಮಗಳು ಮಂಜುಳಳ ಮದುವೆ ಬಂತು. ಚಪ್ಪರ ಹಾಕಿದ ದಿನ ಮಧ್ಯಾಹ್ನ ಅಡುಗೆಗೆ ಅವರೆಕಾಯಿ ಸುಲಿಯುತ್ತಾ ಅಕ್ಕ, ಭಾವ, ನಾನು ಮೂವರೇ ಚಾಪೆಯ ಮೇಲೆ ಕೂತಿದ್ದೆವು. ಸಂತೋಷಕ್ಕೆ ನನ್ನ ನಾಲಗೆ ಸಡಿಲವಾಯಿತು. ಕಲ್ಲುಸಕ್ಕರೆಯನ್ನು ಹೊರಗೆ ತೆಗೆದೆ. ಆ ಮುಷ್ಟಿಯ ಆಟ, ಆ ತುಟಿ, ನನ್ನ ರಾಜನ ಜೋಡಿ, ಎಲ್ಲವನ್ನೂ ಹೇಳಿದೆ.

ಅಕ್ಕ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನಂಗೇನ್ಲಾ ಗೊತ್ತು ಇಸ್ಪೀಟು? ಯಾವ್ದು ರಾಜ, ಯಾವ್ದು ರಾಣಿ ಅಂತ ಇವತ್ಗೂ ಗೊತ್ತಿಲ್ಲ."

"ಮತ್ತ ತುಟಿ ಕಚ್ಕಂಡಿದ್ದೆ?"

"ಆ ಮುರುಗೇಸ ಬೀಡಿ ಬುಡ್ತಿದ್ನಲ್ಲ! ಆ ಒಗೆ, ಮಿಲ್ಲಿನ ಎಣ್ಣ ನಾತ... ಒಟ್ಟ ತೊಳಸ್ಕಂಡು ಬಾಯ್ಗೇ ಬಂದಿತ್ತು. ನಿಮ್ಗ ಬಯ್ಯವು ಅಂತ ಬಂದವ್ಳು, ಬಾಯಿ ತಗುದ್ರ ಅಲ್ಲೇ ವಾಂತಿ ಮಾಡ್ತಿದ್ದೆ. ಅದುಕ್ಕೇ ಇತ್ತುಲುಗ ಓಡ್ದೆ." ಚಪ್ಪರದ ಕಂಬಕ್ಕೆ ಮಾವಿನಸೊಪ್ಪು ಕಟ್ಟಿಸುತ್ತಿದ್ದ ಮದುಮಗಳ ಕಡೆ ಗಲ್ಲ ತೋರಿಸಿದಳು. "ಇವ್ಳು ಒಟ್ಟಲಿದ್ಲು. ಇನ್ನೂ ಯಾರ್ಗೂ ಏಳಿರ್ನಿಲ್ಲ."

ನಾನು ಓದಿದ್ದು ಭಾವನ ಎಲೆಯನ್ನಲ್ಲ, ಮಂಜುಳಳನ್ನು! ಇಷ್ಟು ವರ್ಷ ಚೀಪಿದ್ದು ಬರೀ ಕಲ್ಲು. ಅಕ್ಕ ನಗತೊಡಗಿದಳು, ಕಣ್ಣಲ್ಲಿ ನೀರು ಬರುವಷ್ಟು. ನಾನು ಕೆಂಪಾಗಿ, ಸೋತ ಮುಖವನ್ನು ಭಾವನ ಕಡೆ ತಿರುಗಿಸಿದೆ.

"ಅಂಗಾದ್ರ ನಿಮ್ ಕೈಲಿ ಏನಿತ್ತು ಬಾವ? ಈಗ್ಲಾದ್ರೂ ಏಳಿ."

ಭಾವ ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದ. "ಒಂದು ಏಳು, ಒಂದು ಎಂಟು. ಮೂರ್ನೇದ ತೀಡ್ತಾ ಇದ್ದೆ, ಅಷ್ಟೊತ್ಗ ಇವ್ಳು ಬಂದು ನಿಂತ್ಲು. ನೋಡ್ನಿಲ್ಲ."

"ನೋಡ್ದೇ ಎಲ್ಲಾನೂ ತಳ್ಬುಟ್ರಾ?"

"ಇವ್ಳ ಮೊಕ ನೋಡ್ದೆ. ಸಾಕಾಗೋಯ್ತು ಕಣ ಗುರು. ನಿನ್ ಕೈಲಿ ಏನೋ ಅದ ಅಂತ ಗೊತ್ತಿತ್ತು, ಮೊಕ ಬಿಗಿ ಇಡುದಿದ್ದೆ. ನೋಡ್ತನ, ಗೆಲ್ತನ, ಎತ್ತ ಒಡ್ಕಂಡು ಓಯ್ತನ, ಮುಗೀತದ ಅಂತ ತಳ್ದೆ. ನೀ ನೋಡಿದ್ರ ಬುಟ್ಬುಟ್ಟೆ."

ನಾನು ಲೆಕ್ಕ ಹಾಕಿದೆ, ಹಳೆಯ ಚಟ. ಏಳು, ಎಂಟು. ಸಾಲಾಗಬೇಕಾದರೆ ಆರು ಬೇಕು, ಇಲ್ಲ ಒಂಬತ್ತು. ಒಂಬತ್ತರಲ್ಲಿ ಒಂದು ನನ್ನ ಕೈಯಲ್ಲೇ ಇತ್ತು. ಮೂರೂ ಒಂದೇ ಬಣ್ಣ ಬಂದಿರಬಹುದೆಂದರೂ ನನ್ನ ಕಡೆಯೇ ಭಾರ.

"ನೋಡಿದ್ರ ಎಚ್ಚುಕಮ್ಮಿ ನಾನೇ ಗೆಲ್ತಿದ್ದೆ ಬಾವ" ಎಂದೆ.

"ಗೆಲ್ತಿದ್ದೆ ಅನ್ನು." ಭಾವ ಸಿಪ್ಪೆಯನ್ನು ಪಕ್ಕಕ್ಕೆಸೆದ. "ಎತ್ತು ಎರ್ಡೂ ನಿಮ್ಮನಲೇ ಇರ್ತಿದ್ದೊ. ಆಮೇಲ ನಾನು ಏನ್ ನೆವ ಇಟ್ಕಂಡು ನಿಮ್ಮನಗ ಬರ್ಬೇಕಿತ್ತು?"

ಅಕ್ಕನ ನಗು ಯಾವಾಗಲೋ ನಿಂತಿತ್ತು. ಭಾವ ಮೊರದಲ್ಲಿದ್ದ ಅವರೆಕಾಳನ್ನು ಕೈಯಿಂದ ಸಮ ಮಾಡಿ, ಸುಲಿಯದ ಕಾಯಿಯ ರಾಶಿಯನ್ನು ತಮ್ಮಿಬ್ಬರ ಕಡೆಯಿಂದ ನನ್ನ ಮುಂದಕ್ಕೆ ನೂಕಿದ. ನಾನು ಒಂದು ಕಾಯಿ ಎತ್ತಿಕೊಂಡು ಸುಲಿಯತೊಡಗಿದೆ.